ದೂರ ಸರಿದು ನಿಂತವರು

ಪ್ರಕರಣ ಇಷ್ಟು. ನಿವೃತ್ತ ಅಧಿಕಾರಿಯೊಬ್ಬರು ತಂದೆಯ ಕಾಲದ ಅಂಬಾಸಿಡರ್ ಕಾರನ್ನು ಮೊದಲಿನಂತೆ ಮಾಡಿಸಲೆಂದು ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಗ್ಯಾರೇಜಿಗೆ ಬಿಟ್ಟಿದ್ದರು. 1960ರ ದಶಕದ ಗಾಡಿ, 1489 ಸಿಸಿ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಹೊಗೆ ಹೋಗುವ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿವೆ. ಮ್ಯಾನಿಫೋಲ್ಡಿನ ಕಾವು ಅತಿಯಾಗಿ ತಾಗಿದರೆ ಪೆಟ್ರೋಲು ಕಾರ್ಬ್ಯುರೇಟರಿನಲ್ಲೇ ಕುದಿದು ಆವಿಯಾಗುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಅದಕ್ಕೇ ಈ ಗಾಡಿಯಲ್ಲಿ ಎರಡರ ನಡುವೆ ಒಂದು ತಗಡು ಇತ್ತು. ಅದರ ಒಳಮೈಗೆ ಬೂದುಬಣ್ಣದ ಹಾಳೆಯನ್ನು ರಿವೆಟ್ ಹೊಡೆದು ಕೂರಿಸಿದ್ದರು. ಎಣ್ಣೆಜಿಡ್ಡು ಹಿಡಿದ ಕಡೆ ಹಾಳೆ ಕಪ್ಪಾಗಿತ್ತು. ಒಣಗಿದ ಅಂಚು ಹತ್ತಿಯಂತೆ ಎಳೆಯೆಳೆಯಾಗಿ ಎದ್ದಿತ್ತು.

ಮೇಸ್ತ್ರಿ ಅದನ್ನು ಬಿಚ್ಚಿ ಹುಡುಗನ ಕೈಗೆ ಕೊಟ್ಟರು. "ಚೆನ್ನಾಗಿ ಉಜ್ಜೋ, ಪೇಂಟ್ ಹೊಡೀಬೇಕು." ಇಪ್ಪತ್ತರ ಆಸುಪಾಸಿನ ಹುಡುಗ ಕುಕ್ಕರುಗಾಲಲ್ಲಿ ಕೂತು ತಂತಿ ಬ್ರಷ್ಷಿನಿಂದ ಉಜ್ಜಿದ, ಆಮೇಲೆ ಕಂಪ್ರೆಸರ್ ಪೈಪು ಹಿಡಿದು ಗಾಳಿ ಹೊಡೆದ. ಕಾರಿನ ಮಾಲೀಕರು ಮೂಗಿಗೆ ಕರ್ಚೀಫು ಒತ್ತಿಕೊಂಡು "ಟೀ ಕುಡಿದು ಬರ್ತೀನಿ" ಎಂದು ರಸ್ತೆ ದಾಟಿದರು.

ಆ ಹಾಳೆ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸಿನದು ಇರಬಹುದೆಂದು ಅವರಿಗೆ ಗೊತ್ತಿತ್ತು. ಹಳೆಯ ಗಾಡಿಗಳ ಬಗ್ಗೆ ವರ್ಷಗಟ್ಟಲೆ ಓದಿಕೊಂಡವರು. ಇದನ್ನೆಲ್ಲ ಆಮೇಲೆ ಅವರೇ ನನಗೆ ಹೇಳಿ, "ನಾನೇನು ಮಾಡಬೇಕಿತ್ತು, ಹೇಳಿ" ಎಂದು ಕೇಳಿದರು. ಅವರ ಪರವಾಗಿ ಹೇಳಬಹುದಾದದ್ದೂ ಇದೆ. ಅಂಗೈಯಗಲದ ಹಾಳೆ ಅದು, ಒಂದು ಸಲದ ದೂಳಿಗೇ ರೋಗ ಬಂತೆಂದು ಯಾರೂ ಹೇಳಲಾರರು. ಗ್ಯಾರೇಜಿನ ಕೆಲಸಕ್ಕೆ ಮೇಸ್ತ್ರಿಯೇ ಹೊಣೆ ಎಂಬ ಮಾತೂ ಇದೆ. ಇವೆಲ್ಲ ನಿಜವಿದ್ದರೂ, ತಾವು ಉಸಿರಾಡಲು ಒಪ್ಪದ ಗಾಳಿಯಲ್ಲಿ ಹುಡುಗನನ್ನು ಕೂರಿಸಿ, ಒಂದು ಮಾತೂ ಹೇಳದೆ ಅವರು ಎದ್ದುಹೋದರು. ಮೇಸ್ತ್ರಿಗೆ ತಿಳಿದಿರಲಿಲ್ಲ, ಇವರಿಗೆ ತಿಳಿದಿತ್ತು. ನನ್ನ ಲೆಕ್ಕದಲ್ಲಿ ತಪ್ಪಿನ ದೊಡ್ಡ ಪಾಲು ಇವರದೇ.

ದೂಳು ಒಂದೇ ಸಲದ್ದು ಎನ್ನುವುದು ಮಾಲೀಕರ ಮಟ್ಟಿಗೆ ಸರಿ. ಹುಡುಗನಿಗೆ ಹಾಗಲ್ಲ. ನಿನ್ನೆ ಹಳೆಯ ಬ್ರೇಕ್ ಲೈನರ್, ಇವತ್ತು ಈ ತಗಡು, ನಾಳೆ ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟು. ಕಲ್ನಾರಿನ ಅತಿ ಸಣ್ಣ ಎಳೆಗಳು ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿದವು ಅಲ್ಲೇ ಉಳಿಯುತ್ತವೆ. ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೀಲಿಯೋಮ ಎಂಬ ಕ್ಯಾನ್ಸರ್ ಸಾಮಾನ್ಯವಾಗಿ ತಲೆದೋರುವುದು ಹತ್ತಾರು ವರ್ಷಗಳ ನಂತರ, ಎಷ್ಟೋ ಸಲ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ. "ಇಷ್ಟು ವರ್ಷದಿಂದ ಮಾಡ್ತಿದ್ದೀನಿ, ಏನೂ ಆಗಿಲ್ಲ ಸರ್" ಎಂಬ ಮೇಸ್ತ್ರಿಗಳ ಮಾತು ಇಲ್ಲಿ ಯಾವ ಧೈರ್ಯವನ್ನೂ ಕೊಡಲಾರದು.

ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ, ಕಲ್ನಾರು ಕಾರ್ಖಾನೆಯ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಗಲ್ಲಿಯ ಗ್ಯಾರೇಜಿನ ಹುಡುಗನಿಗೆ ಹಾಜರಿ ಪುಸ್ತಕವೇ ಇಲ್ಲ. ಐವತ್ತೈದರಲ್ಲಿ ಅವನಿಗೆ ಉಸಿರು ಕಟ್ಟಿದರೆ ಯಾವ ಡಾಕ್ಟರೂ ಈ ಅಂಬಾಸಿಡರಿನವರೆಗೆ ಹಿಂದೆ ಹೋಗಲಾರರು. ಹೊಣೆ ಹೊರಬೇಕಾದವರು ಯಾರೆಂದು ಮುಂದೆ ಪತ್ತೆಯಾಗುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಇಂದೇ ಹೊರಬೇಕು.

ಮಾಲೀಕರು ಮಾರನೆಯ ದಿನ ಹೋಗಿ ಇಬ್ಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದರು. ಅದು ಅವರ ದೊಡ್ಡತನ. ಹುಡುಗ ಕೇಳಿದ್ದು ಒಂದೇ: "ಸರ್, ಇದೇ ಬಟ್ಟೇಲಿ ಮನೆಗೆ ಹೋಗ್ತೀನಲ್ಲ, ಅದೇನಾದ್ರೂ...?" ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅವನದೇ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಡತಿ, ತಾಯಂದಿರಿಗೂ ಮೆಸೊಥೀಲಿಯೋಮ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಆಗಬೇಕಾಗಿದ್ದದ್ದು ಹೀಗೆ. ಕಣ್ಣಳತೆಯಲ್ಲಿ ಕಲ್ನಾರನ್ನು ಗುರುತಿಸಲಾಗದು, ಲ್ಯಾಬಿನಲ್ಲೇ ಆಗಬೇಕು. ಅಲ್ಲಿಯವರೆಗೆ ಹಳೆಯ ಹಾಳೆಯನ್ನು ಕಲ್ನಾರೆಂದೇ ಭಾವಿಸಬೇಕು. ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ, ಹಾಳೆ ಪೂರಾ ನೆನೆದ ಮೇಲೆ, ಹರಿಯದೆ ಮುರಿಯದೆ ತಗಡಿನ ಸಮೇತ ಬಿಚ್ಚಬೇಕು. ಬ್ರಷ್, ಉಪ್ಪುಕಾಗದ, ಗ್ರೈಂಡರ್, ಗಾಳಿ ಯಾವುದೂ ಕೂಡದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಎಳೆಗಳನ್ನು ಹಿಂದಿನಿಂದ ಹೊರಗೆ ಚೆಲ್ಲುತ್ತದೆ. ಬಟ್ಟೆಯ ಮಾಸ್ಕ್ ಸಾಲದು, ಪಿ100 ಫಿಲ್ಟರಿನ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಬಿಚ್ಚಿದ್ದನ್ನು ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಳಗೇನಿದೆಯೆಂದು ಮೇಲೆ ಬರೆಯಬೇಕು. ಗುಜರಿಯವನಿಗೆ ಹಾಕುವಂತಿಲ್ಲ, ಅವನೂ ಇನ್ನೊಬ್ಬ ತಿಳಿಯದವನೇ. ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ವಿಚಾರಿಸಿ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಸೇರಿಸಬೇಕು.

ಬದಲಿಗೆ ಏನು ಹಾಕುವುದೆಂಬುದು ಕಷ್ಟದ ಪ್ರಶ್ನೆಯೇ ಅಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಎರಡು ತೆಳು ತಗಡು, ನಡುವೆ ಬೆರಳು ತೂರುವಷ್ಟು ಜಾಗ. ಆ ಜಾಗದಲ್ಲಿ ಹರಿಯುವ ಗಾಳಿಯೇ ಕಾವನ್ನು ಬಹುಪಾಲು ತಡೆಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಮ್ಯಾನಿಫೋಲ್ಡಿಗೆ ತೀರ ಹತ್ತಿರ ಅದು ಬೇಡ. ಸೆರಾಮಿಕ್ ಉಣ್ಣೆಯೂ ಬೇಡ, ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಅಸಲಿತನ ಹೋಯಿತೆಂದು ಕೊರಗುವವರು ಹೊಸ ತಗಡಿಗೆ ಹಳೆಯ ಬೂದುಬಣ್ಣವನ್ನೇ ಬಳಿಸಿಕೊಳ್ಳಲಿ.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನ ಕೇಳಿಕೆ ಇದು. ಗಾಡಿ ಬಿಡುವ ದಿನವೇ ಮೇಸ್ತ್ರಿಯ ಜೊತೆ ಹುಡುಗನನ್ನೂ ಕರೆದು, ಬಾನೆಟ್ ಎತ್ತಿಸಿ, ಕಲ್ನಾರು ಎಲ್ಲೆಲ್ಲಿ ಇರಬಹುದೆಂದು ಕೈಯಿಟ್ಟು ಮುಟ್ಟದೆ ತೋರಿಸಿ. ಮಾಸ್ಕಿನ ದುಡ್ಡನ್ನೂ, ತಡವಾದ ದಿನದ ಕೂಲಿಯನ್ನೂ ನೀವೇ ಕೊಡಿ.