ಮೇಕೆಯ ಬಾಯಿಗೆ ಮೊಸರು

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದೆವು. ಗಾದೆಯಲ್ಲಿ ಕೋತಿ ಇದೆ, ಮೇಕೆ ಇದೆ. ಆದರೆ ಖಾಲಿ ಗಡಿಗೆಯನ್ನೂ ಮೇಕೆಯ ಮೂತಿಗಂಟಿದ ಬಿಳುಪನ್ನೂ ಕಂಡು ಕೋಲೆತ್ತಿದ ಮನೆಯ ಯಜಮಾನ ಅದರಲ್ಲಿ ಕಾಣುವುದಿಲ್ಲ. ಅವನು ಕೋಲೆತ್ತದಿದ್ದರೆ ಕೋತಿಯ ಉಪಾಯ ಫಲಿಸುವುದೇ ಇಲ್ಲ. ಆ ಯಜಮಾನನ ಬಗ್ಗೆ ನಾನು ಯೋಚಿಸುವಂತೆ ಮಾಡಿದ್ದು ಅಮೆರಿಕದ ಒಂದು ಕಾಮಿಕ್ಸ್ ಕಥೆ.

1983ರ ಮಾರ್ಚ್ ತಿಂಗಳ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’, 238ನೇ ಸಂಚಿಕೆ. ಬರೆದವರು ರೋಜರ್ ಸ್ಟರ್ನ್, ಚಿತ್ರ ಬರೆದವರು ಜಾನ್ ರೊಮಿಟಾ ಜೂನಿಯರ್. ಸ್ಪೈಡರ್-ಮ್ಯಾನ್‌ನಿಂದ ತಪ್ಪಿಸಿಕೊಂಡು ಓಡಿದ ಕಳ್ಳನೊಬ್ಬನಿಗೆ, ಹಿಂದೆಂದೋ ಸತ್ತ ಗ್ರೀನ್ ಗಾಬ್ಲಿನ್ ಎಂಬ ಖಳನ ಅಡಗುದಾಣ ಕಣ್ಣಿಗೆ ಬೀಳುತ್ತದೆ. ಆ ಗುಟ್ಟನ್ನು ಅವನು ಇನ್ನೊಬ್ಬನಿಗೆ ಹೇಳುತ್ತಾನೆ. ಗುಟ್ಟು ತಿಳಿದವನು ಹೇಳಿದವನನ್ನೇ ಕೊಂದು, ಕಿತ್ತಳೆ ಬಣ್ಣದ ಮುಸುಕು ತೊಟ್ಟು, ಹಾಬ್‌ಗಾಬ್ಲಿನ್ ಆಗಿ ಎದ್ದು ನಿಲ್ಲುತ್ತಾನೆ. ಅವನ ಮುಖ ಓದುಗರಿಗೆ ಕಾಣಿಸಲಿಲ್ಲ. ಅಲ್ಲಿಂದ ಶುರುವಾಯಿತು ಊಹೆಯ ಹಬ್ಬ. ಸ್ಪೈಡರ್-ಮ್ಯಾನ್ ಕಥೆಗಳ ಪುಟ್ಟ ಲೋಕದಲ್ಲಿ ಹೆಸರಿದ್ದ ಪ್ರತಿಯೊಬ್ಬ ಗಂಡಸೂ ಅನುಮಾನದ ನೆರಳಿಗೆ ಬಂದ.

ಊಹಿಸುವುದರಲ್ಲಿ ತಪ್ಪಿಲ್ಲ. ಕಥೆಗಾರ ಮುಸುಕು ಹೊದಿಸುವುದೇ ನಾವು ಅದರೊಳಗೆ ಇಣುಕಲಿ ಎಂದು. ಆದರೆ ಊಹೆ ಬರಿಯ ಗಾಳಿಯಲ್ಲಿ ನಿಲ್ಲಲಾರದು. ಕುಳಿತುಕೊಳ್ಳಲು ಅದಕ್ಕೊಂದು ತಲೆ ಬೇಕು. 1986ರಲ್ಲಿ ಕಥೆಯೊಳಗೇ ಅಂಥದ್ದೊಂದು ತಲೆ ಸಿಕ್ಕಿತು. ಟಿವಿಯಲ್ಲಿ ಹಾಬ್‌ಗಾಬ್ಲಿನ್ನನ್ನು ಹೀಯಾಳಿಸಿದ ಫ್ಲ್ಯಾಶ್ ಥಾಂಪ್ಸನ್ ಎಂಬವನಿಗೆ ಆ ಖಳ ತನ್ನದೇ ವೇಷ ತೊಡಿಸಿ ಜೈಲಿಗೆ ಕಳಿಸಿದ. ಥಾಂಪ್ಸನ್ ಬದುಕಿದ್ದ, ತಾನಲ್ಲ ಎಂದು ಕೂಗಿ ಹೇಳಲು ಅವನಿಗೆ ಬಾಯಿತ್ತು.

ಇಷ್ಟರೊಳಗೆ ಸ್ಟರ್ನ್ ಆ ಪತ್ರಿಕೆಗೆ ಬರೆಯುವುದನ್ನು ಬಿಟ್ಟಿದ್ದರು. ಗಂಟು ಹಾಕಿದವರು ಹೋದರು, ಗಂಟು ಉಳಿಯಿತು. ಆಮೇಲೆ ಬಂದ ಲೇಖಕರ, ಸಂಪಾದಕರ ಮನಸ್ಸಿನಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಓದುಗರಿಗೆ ಮಾತ್ರ ಉತ್ತರ ಬೇಕೇ ಬೇಕಿತ್ತು. 1987ರಲ್ಲಿ ಉತ್ತರ ಬಂತು: ಹಾಬ್‌ಗಾಬ್ಲಿನ್ ಎಂದರೆ ನೆಡ್ ಲೀಡ್ಸ್.

ಲೀಡ್ಸ್ 1964ರಿಂದಲೂ ಈ ಕಥೆಗಳಲ್ಲಿದ್ದವನು. ‘ಡೈಲಿ ಬ್ಯೂಗಲ್’ ಪತ್ರಿಕೆಯ ವರದಿಗಾರ, ಬೆಟ್ಟಿ ಬ್ರಾಂಟ್‌ಳ ಗಂಡ. ಅವನೇ ಖಳ ಎಂದು ಹೇಳುವ ಹೊತ್ತಿಗೆ ಅವನು ಆಗಲೇ ಸತ್ತಿದ್ದ. ಅದೇ ವರ್ಷ ಹೊರಬಂದ ಒಂದು ವಿಶೇಷ ಸಂಚಿಕೆಯಲ್ಲಿ ಬರ್ಲಿನ್‌ನಲ್ಲಿ ಅವನ ಕೊಲೆಯಾಗಿತ್ತು. ಸತ್ತ ಮೇಲೆ ಅವನ ಹೆಸರಿಗೆ ಮುಸುಕು ತೊಡಿಸಲಾಯಿತು.

ಒಂದು ಸಂಗತಿಯನ್ನು ಮಾತ್ರ ಯಾರೂ ತೂಗಿ ನೋಡಲಿಲ್ಲ. ಹಾಬ್‌ಗಾಬ್ಲಿನ್ ಒಂದು ರಸಾಯನದ ಬಲದಿಂದ ಸ್ಪೈಡರ್-ಮ್ಯಾನ್ ಜೊತೆಗೇ ಕೈ ಮಿಲಾಯಿಸುವಷ್ಟು ಶಕ್ತಿ ಗಳಿಸಿಕೊಂಡಿದ್ದ. ಲೀಡ್ಸ್‌ನನ್ನು ಕೊಂದವರಾದರೋ ಮಾಮೂಲಿ ಬಾಡಿಗೆ ಕೊಲೆಗಡುಕರು. ಅಷ್ಟು ಬಲಶಾಲಿಯನ್ನು ಅವರು ಹಿಡಿದು ಮುಗಿಸಿದ್ದು ಹೇಗೆ? ಪುರಾವೆ ಅಚ್ಚಾದ ಪುಟದಲ್ಲೇ, ಎಲ್ಲರ ಕಣ್ಣೆದುರಿಗೇ ಇತ್ತು. ಆದರೆ ಉತ್ತರ ಸಿಕ್ಕಿತೆಂಬ ಸಮಾಧಾನ ಪ್ರಶ್ನೆಯ ಬಾಯಿ ಮುಚ್ಚಿಸಿಬಿಟ್ಟಿತು.

ಈ ಸಮಾಧಾನದ ರುಚಿ ನನಗೂ ಗೊತ್ತು. ನಾನು ಹಾಸ್ಟೆಲಿನಲ್ಲಿದ್ದಾಗ ಒಂದು ತಿಂಗಳು ಮೆಸ್ಸಿನ ದುಡ್ಡಿನಲ್ಲಿ ನಾನೂರು ರೂಪಾಯಿ ಕಡಿಮೆ ಬಂತು. ಲೆಕ್ಕದ ಪುಸ್ತಕ ನಡುವೆ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಕೂತೆವು. ಒಬ್ಬೊಬ್ಬರ ಹೆಸರು ಬಂದಾಗಲೂ ಎದುರಿಗಿದ್ದ ಆ ಮುಖ ನೋಡಿ ಮಾತು ತಡೆಯುತ್ತಿತ್ತು. ಕೊನೆಗೆ ಯಾರೋ, ಹದಿನೈದು ದಿನದ ಹಿಂದೆ ಓದು ಬಿಟ್ಟು ಊರಿಗೆ ಹೋದ ಹುಡುಗನ ಹೆಸರು ಹೇಳಿದರು. ಕೋಣೆಯೇ ಹಗುರಾಯಿತು. “ಹೌದು ಕಣೋ, ಅವನ ನಡತೆ ಒಂಥರಾ ಇತ್ತು” ಎಂದವರಲ್ಲಿ ನಾನೂ ಒಬ್ಬ. ಎಲ್ಲರಿಗೂ ಒಳ್ಳೆಯ ನಿದ್ದೆ ಬಂತು. ದಸರಾ ರಜೆ ಮುಗಿಸಿ ಬಂದಾಗ ಹಾಲಿನವನು, “ಅಣ್ಣ, ಹೋದ ತಿಂಗಳ ಬಾಕಿ ಎರಡು ಸಲ ಕೊಟ್ಟಿದ್ದೀರಿ” ಎಂದು ನಾಲ್ಕು ನೋಟು ಎಣಿಸಿ ಕೊಟ್ಟ. ನಾವು ಲೆಕ್ಕ ತಿದ್ದಿದೆವು. ಆ ಹುಡುಗನಿಗೆ ಒಂದು ಕಾಗದ ಬರೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಅವನಿಗೆ ವಿಷಯವೇ ಗೊತ್ತಿಲ್ಲವಲ್ಲ ಎಂದುಕೊಂಡೆವು. ಅವನಿಗೆ ಗೊತ್ತಿರಲಿಲ್ಲ ನಿಜ, ನಮಗೆ ಗೊತ್ತಿತ್ತು.

ಅವನು ಕದ್ದಂತೆ ಕಂಡಿದ್ದರಿಂದ ಅವನ ಹೆಸರು ಬರಲಿಲ್ಲ. ಅವನು ಅಲ್ಲಿರಲಿಲ್ಲ, ಅದಕ್ಕೇ ಬಂತು. ನೆಡ್ ಲೀಡ್ಸ್‌ನ ಕಥೆಯೂ ಇದೇ. ಅನುಮಾನ ನೀರಿನ ಹಾಗೆ, ತಗ್ಗಿರುವ ಕಡೆಗೇ ಹರಿಯುತ್ತದೆ. ಊರಿನಲ್ಲಿ ಇಲ್ಲದವನು, ಮಾತು ಬಾರದವನು, ಹಿಂದೆ ಮುಂದೆ ಯಾರೂ ಇಲ್ಲದವನು, ಸತ್ತವನು: ಇವರೆಲ್ಲ ನಮ್ಮ ಅನುಮಾನಕ್ಕೆ ತಗ್ಗಿನ ನೆಲ. ಹರಿದು ಹೋಗಿ ನಿಂತಿದ್ದನ್ನು ನಾವು ಸತ್ಯ ಎಂದು ಕರೆಯುತ್ತೇವೆ.

ಹತ್ತು ವರ್ಷ ಆ ಕಳಂಕ ಹಾಗೆಯೇ ಇತ್ತು. 1997ರಲ್ಲಿ ಸ್ಟರ್ನ್ ಮರಳಿ ಬಂದು ‘ಹಾಬ್‌ಗಾಬ್ಲಿನ್ ಲಿವ್ಸ್’ ಎಂಬ ಮೂರು ಸಂಚಿಕೆಗಳ ಕಥೆ ಬರೆದರು. ಅದೇ ಹಳೆಯ ಪ್ರಶ್ನೆಯನ್ನು ಎತ್ತಿಕೊಂಡರು: ಅಷ್ಟು ಬಲವಿದ್ದವನು ಹಾಗೆ ಸತ್ತದ್ದು ಹೇಗೆ? ಆ ಜಾಡು ಹಿಡಿದು ಹೋದಾಗ ಸಿಕ್ಕವನು ರಾಡ್ರಿಕ್ ಕಿಂಗ್ಸ್‌ಲಿ, 1980ರಿಂದಲೇ ಕಥೆಗಳಲ್ಲಿ ಓಡಾಡಿಕೊಂಡಿದ್ದ ಫ್ಯಾಷನ್ ಉದ್ಯಮಿ. ತನ್ನ ಪ್ರತಿರೂಪದಂತಿದ್ದ ಸೋದರನನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಅನುಮಾನದಿಂದ ಪಾರಾಗುತ್ತಿದ್ದ. ಲೀಡ್ಸ್‌ನ ಬುದ್ಧಿಯನ್ನು ವಶಮಾಡಿಕೊಂಡು ಅವನನ್ನು ತನ್ನ ಬದಲಿಗೆ ಮುಂದೆ ತಳ್ಳಿದ್ದ.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಲೀಡ್ಸ್‌ನ ಹೆಂಡತಿ ಬೆಟ್ಟಿಯ ಬಳಿ. ಊರಿಗೆಲ್ಲ ಮುಗಿದುಹೋದ ಸಂಗತಿಯನ್ನು ಆ ಹೆಣ್ಣುಮಗಳು ಮತ್ತೆ ಕೆದಕಲು ಮುಂದಾದಳು. ಹಾಗೆ ಕೆದಕುವಾಗ ಒಳ್ಳೆಯದೇ ಸಿಗುತ್ತದೆಂಬ ಭರವಸೆ ಯಾರಿಗೂ ಇರುವುದಿಲ್ಲ. ಲೋಕ ಹೇಳಿದ್ದೇ ನಿಜವಾಗಿ, ಗಾಯ ಇನ್ನಷ್ಟು ಆಳವೂ ಆಗಬಹುದು. ಆದರೂ ಮಾತಾಡಲಾಗದವನ ಪರವಾಗಿ ಒಬ್ಬರಾದರೂ ಕೇಳಬೇಕು. ಸತ್ತವರಿಗೆ ನಾವು ಕೊಡಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು.

ಇದು ಕಾಗದದ ಮೇಲಿನ ಮನುಷ್ಯರ ಕಥೆ, ನಿಜ. ಸ್ಟರ್ನ್ ಬರೆದರು, ಲೀಡ್ಸ್‌ನ ಕಳಂಕ ತೊಳೆದುಹೋಯಿತು. ಬದುಕಿನಲ್ಲಿ ಹಾಗೆ ಮರಳಿ ಬಂದು ತಿದ್ದುವ ಲೇಖಕ ಇಲ್ಲ. ಹಾಲಿನವನಂಥ ಪ್ರಾಮಾಣಿಕ ಯಾವಾಗಲೋ ಒಬ್ಬ ಸಿಗುತ್ತಾನೆ, ಅಷ್ಟೇ. ಆದ್ದರಿಂದ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಾಣದೆಯೇ ಊಹಿಸಿದ್ದನ್ನು ಇನ್ನೆಷ್ಟು ಪ್ರಮಾಣಿಸಿ ನೋಡಬೇಕು! ಅದರಲ್ಲೂ ಒಂದು ಹೆಸರು ಕೇಳಿದೊಡನೆ ಕೋಣೆ ಹಗುರಾಯಿತು ಅನಿಸಿದರೆ, ಆ ಹೆಸರಿನ ಬಳಿ ಇನ್ನೊಂದು ಗಳಿಗೆ ನಿಲ್ಲಬೇಕು.

ಮೊಸರಿನ ಗಡಿಗೆಯನ್ನು ನಮ್ಮ ಹಳೆಯ ಮನೆಗಳಲ್ಲಿ ನೆಲದ ಮೇಲೆ ಇಡುತ್ತಿರಲಿಲ್ಲ, ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಕೋಲೆತ್ತುವ ಮೊದಲು ಯಜಮಾನ ಒಮ್ಮೆ ತಲೆ ಎತ್ತಿ ನೋಡಿದ್ದರೆ ಸಾಕಿತ್ತು. ಅಷ್ಟು ಎತ್ತರಕ್ಕೆ ಮೇಕೆ ಹತ್ತಲಾರದು.