ಮತದಾನದ ದಿನ, ವ್ರತದ ದಿನ

ಧರ್ಮಕ್ಕೂ ವೋಟಿಗೂ ನಮ್ಮ ನುಡಿಯಲ್ಲಿ ‘ಮತ’ವೆಂಬ ಒಂದೇ ಮಾತಿದೆ. ಎರಡೂ ಮನಸ್ಸು ಒಪ್ಪಿದ್ದನ್ನೇ ಸೂಚಿಸುವುದರಿಂದ ಇದರಲ್ಲಿ ಅಚ್ಚರಿಯಿಲ್ಲ. ಆದರೆ ಈ ಎರಡು ಮತಗಳೂ ಒಂದೇ ದಿನ ಒಬ್ಬನನ್ನೇ ಕರೆದರೆ ಅವನು ಯಾವುದಕ್ಕೆ ಓಗೊಡಬೇಕು? ಅಂಥ ಇಕ್ಕಟ್ಟನ್ನು ತಪ್ಪಿಸುವ ಹೊಣೆ ಚುನಾವಣೆಯ ದಿನವನ್ನು ಗೊತ್ತುಮಾಡುವವರಿಗೆ ಎಷ್ಟರಮಟ್ಟಿಗೆ ಇದೆ?

2019ರ ಏಪ್ರಿಲ್ 18, ಗುರುವಾರದಂದು ಸೇಲಂ, ಧರ್ಮಪುರಿ, ಕೃಷ್ಣಗಿರಿಗಳ ನಾವು ಲೋಕಸಭೆಗೆ ಮತವಿತ್ತೆವು. (ಹೊಸೂರಿನ ಕಡೆಯವರು ಕುಳಿತಲ್ಲಿಯೇ ಈ ಮೂರು ಜಿಲ್ಲೆಗಳನ್ನೂ ಕಂಡವರು: 1965ರವರೆಗೆ ಸೇಲಂ, 2004ರವರೆಗೆ ಧರ್ಮಪುರಿ, ಅನಂತರ ಕೃಷ್ಣಗಿರಿ.) ಅದೇ ದಿನ ಮಧುರೆಯಲ್ಲಿ ಮೀನಾಕ್ಷಿಯ ತೇರು, ಕ್ರೈಸ್ತರಿಗೆ ಶುಭ ಶುಕ್ರವಾರದ ಹಿಂದಿನ ಪವಿತ್ರ ಗುರುವಾರ. ದಿನವನ್ನು ಮುಂದೂಡಬೇಕೆಂಬ ಬೇಡಿಕೆ ಎರಡು ಕಡೆಯಿಂದಲೂ ಬಂದಿತು. ದಿನ ಬದಲಾಗಲಿಲ್ಲ, ಮಧುರೆಗೆ ಮಾತ್ರ ಸಂಜೆ ಎಂಟರವರೆಗೆ ಎರಡು ಗಂಟೆ ಹೆಚ್ಚು ಕಾಲಾವಕಾಶ ದೊರೆಯಿತು.

ಮುಂದೆ ದಿನವೇ ಬದಲಾದ ಪ್ರಸಂಗಗಳೂ ನಡೆದವು. ಗುರು ರವಿದಾಸ ಜಯಂತಿಗೆ ಜನ ಕಾಶಿಗೆ ಹೋಗುವರೆಂದು 2022ರಲ್ಲಿ ಪಂಜಾಬಿನ ಮತದಾನವನ್ನು ಫೆಬ್ರವರಿ 14ರಿಂದ 20ಕ್ಕೆ ಸರಿಸಿದರು. 2024ರಲ್ಲಿ ಬಿಷ್ಣೋಯಿಗಳ ಅಮಾವಾಸ್ಯೆಯ ಯಾತ್ರೆಗಾಗಿ ಹರಿಯಾಣದ್ದು ಅಕ್ಟೋಬರ್ 1ರಿಂದ 5ಕ್ಕೆ ಹೋಯಿತು. ಕಲ್ಪಾತಿಯ ತೇರಿಗಾಗಿ ಪಾಲಕ್ಕಾಡಿನ ಉಪಚುನಾವಣೆ ನವೆಂಬರ್ 13ರಿಂದ 20ಕ್ಕೆ ಹೋಯಿತು. ಅದೇ ವರ್ಷ ಏಪ್ರಿಲ್ 26 ಶುಕ್ರವಾರವೆಂದು ಕೇರಳದ ಮುಸ್ಲಿಮರು ಮಾಡಿದ ಮನವಿಗೆ ಮಾತ್ರ ದಿನ ಬದಲಾಗಲಿಲ್ಲ.

ಇವುಗಳಲ್ಲಿ ಅನ್ಯಾಯವಾಯಿತೆಂದು ನಾನು ಒಡನೆಯೇ ಹೇಳಲಾರೆ. ಶುಕ್ರವಾರದ ನಮಾಜು ಮುಗಿದ ಮೇಲೂ ಮತಗಟ್ಟೆ ತೆರೆದಿರುತ್ತದೆ. ಕಾಶಿಗೆ ಹೋದವನು ಸಂಜೆಯೊಳಗೆ ಜಾಲಂಧರಕ್ಕೆ ಮರಳಲಾರನು. ಆದರೂ ಈ ತೀರ್ಮಾನಗಳಲ್ಲೆಲ್ಲ ಎದ್ದು ಕಾಣುವ ಅಳತೆಗೋಲು ಒಂದೇ: ಎಷ್ಟು ಜನ? ಜನ ಹೆಚ್ಚಿದಷ್ಟೂ ಪಂಚಾಂಗ ಬಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೆಂದು ನನ್ನ ಭಾವನೆ: ಆ ವ್ರತ ಮನುಷ್ಯನ ಕೈಯನ್ನು ಎಷ್ಟು ಬಿಗಿಯಾಗಿ ಕಟ್ಟುತ್ತದೆ?

ಯೆಹೂದಿಗಳ ನಿದರ್ಶನ ಇಲ್ಲಿ ಸಹಾಯಕ್ಕೆ ಬರುತ್ತದೆ. ನಿಷ್ಠಾವಂತ ಯೆಹೂದಿಯು ಸಬ್ಬತ್ತಿನಂದೂ ದೊಡ್ಡ ಹಬ್ಬಗಳಂದೂ ಬರೆಯನು, ವಾಹನವೇರನು, ವಿದ್ಯುತ್ತಿನ ಗುಂಡಿಯನ್ನು ಒತ್ತನು. ನಮ್ಮ ಮತಗಟ್ಟೆಯನ್ನು ನೆನೆಯಿರಿ: ದಾಖಲೆಪುಸ್ತಕದಲ್ಲಿ ಸಹಿ, ಬಳಿಕ ಯಂತ್ರದ ಗುಂಡಿ. ಎರಡೂ ಅವನಿಗೆ ನಿಷಿದ್ಧ. ತೇರಿನ ದಿನ ಮತ ಹಾಕುವುದು ತೊಡಕು; ಸಬ್ಬತ್ತಿನ ದಿನ ಹಾಕುವುದು ಅವನಿಗೆ ಧರ್ಮಲೋಪ. ಕೆನಡಾ ದೇಶದಲ್ಲಿ 2019ರ ಅಕ್ಟೋಬರ್ 21ರ ಚುನಾವಣೆ ಶೆಮಿನಿ ಅಟ್ಸೆರೆಟ್ ಎಂಬ ಅಂಥ ಹಬ್ಬದಂದೇ ಬಂದಿತು. ಯೆಹೂದಿ ಅಭ್ಯರ್ಥಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಮರಳಿ ಯೋಚಿಸುವಂತೆ ನ್ಯಾಯಾಲಯವು ಮುಖ್ಯ ಚುನಾವಣಾಧಿಕಾರಿಗೆ ಹೇಳಿತು. ಅವರು ಯೋಚಿಸಿ, ಹಿಂದಿನ ದಿನವನ್ನೇ ಉಳಿಸಿಕೊಂಡರು. ಮುಂಗಡ ಮತದಾನದ ನಾಲ್ಕು ದಿನಗಳಿದ್ದವು, ನಿಜ. ಅವುಗಳಲ್ಲಿಯೂ ಸಬ್ಬತ್ತೂ ಸುಕ್ಕೋತ್ ಹಬ್ಬವೂ ಬಂದು ಸೇರಿದ್ದವು!

ಎಲ್ಲರಿಗೂ ಒಪ್ಪುವ ದಿನವನ್ನು ಯಾವ ಜೋಯಿಸನೂ ಹುಡುಕಿ ಕೊಡಲಾರನು. ದಿನವನ್ನು ಬದಲಿಸಲಾಗದಿದ್ದರೆ ದಾರಿಯನ್ನಾದರೂ ಬದಲಿಸಬಹುದಷ್ಟೆ? ಉಪಾಧ್ಯಾಯಮಿತ್ರರಿಗೆ ಆ ದಾರಿ ಚೆನ್ನಾಗಿ ಗೊತ್ತು. ಚುನಾವಣೆಯ ಕೆಲಸಕ್ಕೆ ಬೇರೆ ಊರಿನ ಮತಗಟ್ಟೆಗೆ ನಿಯುಕ್ತರಾದಾಗ ನಾವು ಮೊದಲೇ ಅರ್ಜಿ ತುಂಬಿ ಅಂಚೆಯ ಮತಪತ್ರದಲ್ಲಿ ಮತವೀಯುತ್ತೇವೆ. 2024ರಲ್ಲಿ ಎಂಬತ್ತೈದು ದಾಟಿದ ವೃದ್ಧರ ಮನೆಬಾಗಿಲಿಗೇ ಅಧಿಕಾರಿಗಳು ಹೋದರು. ಸರಕಾರದ ಕರೆಗೆ ಹೋದವನಿಗೂ ಮುಪ್ಪಿನಿಂದ ಕುಳಿತವನಿಗೂ ಸಲ್ಲುವ ಈ ಸವಲತ್ತು ಅಂತಃಕರಣದ ಕಟ್ಟಿಗೆ ಒಳಗಾದವನಿಗೆ ಏಕೆ ಸಲ್ಲಬಾರದು?

ಸೋಮಾರಿಗಳೆಲ್ಲ ವ್ರತದ ನೆಪ ಹೇಳಿಯಾರು ಎಂಬ ಆಕ್ಷೇಪ ಏಳಬಹುದು. ಆದರೆ ವಾರಗಳ ಮುಂಚೆ ಅರ್ಜಿ ಬರೆದು, ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು ಮತ ಹಾಕುವ ಸೋಮಾರಿಯನ್ನು ನಾನಂತೂ ಕಂಡಿಲ್ಲ.