ದಂತವೈದ್ಯನ ಅರಿವು ಮತ್ತು ಆಚಾರ

ದಂತವೈದ್ಯನ ಕುರ್ಚಿಯಲ್ಲಿ ಕುಳಿತವರಿಗೆಲ್ಲ ಅಲ್ಲಿಯ ಅಂಜಿಕೆ ಗೊತ್ತು. ಕಣ್ಣು ಕುಕ್ಕುವ ದೀಪ, ಯಂತ್ರದ ಕೀರಲು ಸದ್ದು, ಬಾಯೊಳಗೆ ಪರರ ಬೆರಳು—ಇವನ್ನು ನಾವು ಹೇಗೋ ಸಹಿಸುತ್ತೇವೆ. ಆಟಿಸಂ ಎಂದು ವೈದ್ಯರು ಕರೆಯುವ ಸ್ವಲೀನತೆಯುಳ್ಳ ಅನೇಕರಿಗೆ ಇವೇ ತಾಳಲಾರದ ಯಾತನೆಯಾಗುತ್ತವೆ. ಸದ್ದು, ಬೆಳಕು, ಸ್ಪರ್ಶಗಳನ್ನು ಅವರ ಇಂದ್ರಿಯಗಳು ನಮ್ಮಂತೆ ಗ್ರಹಿಸುವುದಿಲ್ಲ. ನೋವನ್ನು ಮಾತಿನಲ್ಲಿ ತಿಳಿಸಲು ಕೆಲವರಿಗೆ ಸಾಧ್ಯವೂ ಇಲ್ಲ. ಮಗು ಚೀರಿದರೆ ಹಟಮಾರಿಯೆನ್ನುತ್ತೇವೆ. ತಾಯಿ ತಲೆ ತಗ್ಗಿಸಿ ಮನೆಗೆ ಮರಳುತ್ತಾಳೆ. ಹುಳುಕು ಮಾತ್ರ ಬೆಳೆಯುತ್ತಲೇ ಇರುತ್ತದೆ.

ಇಲ್ಲಿ ತಪ್ಪು ಯಾರದು? ವೈದ್ಯನನ್ನು ನಿರ್ದಯನೆನ್ನುವಂತಿಲ್ಲ. ಅನೇಕ ವೇಳೆ ಆತನಲ್ಲಿ ದಯೆಯುಂಟು, ಅಭ್ಯಾಸವಿಲ್ಲ. ಅಭ್ಯಾಸವಿಲ್ಲದ ದಯೆಗೆ ತೋರುವ ದಾರಿಗಳು ಎರಡೇ: ಕೈಕಾಲು ಹಿಡಿಸಿ ಬಲವಂತ ಮಾಡುವುದು, ಇಲ್ಲವೇ ಬೇರೆಡೆಗೆ ಸಾಗಹಾಕುವುದು.

ಅಮೆರಿಕದ ದಂತವೈದ್ಯ ಶಿಕ್ಷಣಕ್ಕೆ ಮಾನ್ಯತೆ ನೀಡುವ ಆಯೋಗವು ಮೊದಲು, ವಿಶೇಷ ಅಗತ್ಯವುಳ್ಳ ರೋಗಿಗೆ ಯಾವ ಚಿಕಿತ್ಸೆ ಬೇಕೆಂದು ಗುರುತಿಸಬಲ್ಲ ಪದವೀಧರನಾದರೆ ಸಾಕೆನ್ನುತ್ತಿತ್ತು. 2019ರಲ್ಲಿ ಅದು ನಿಯಮವನ್ನು ತಿದ್ದಿ, ಆ ಚಿಕಿತ್ಸೆಯನ್ನು ನಿರ್ವಹಿಸುವ ಸಾಮರ್ಥ್ಯವೂ ಇರತಕ್ಕದ್ದೆಂದು ವಿಧಿಸಿತು. ಗುರುತಿಸುವುದು ಅರಿವು, ನಿರ್ವಹಿಸುವುದು ಆಚಾರ. ಆಚಾರಕ್ಕಿಳಿಯದ ಅರಿವನ್ನು ನಮ್ಮ ಶರಣರು ಅರಿವೆಂದು ಒಪ್ಪಿದವರಲ್ಲ.

ಈ ಆಚಾರವಾದರೂ ಏನು? ಮಗುವಿಗೆ ಯಾವುದು ಹಿತ, ಯಾವುದು ಭಯವೆಂದು ತಂದೆತಾಯಿಗಳನ್ನು ಮುಂಚಿತವಾಗಿ ಕೇಳುವುದು. ನಡೆಯಲಿರುವುದನ್ನು ಚಿತ್ರಗಳಲ್ಲಿ ಕ್ರಮವಾಗಿ ತೋರಿಸುವುದು. ಮೊದಲ ದಿನ ಕುರ್ಚಿಯ ಪರಿಚಯ ಮಾತ್ರ, ಇನ್ನೊಂದು ದಿನ ಪುಟ್ಟ ಕನ್ನಡಿ, ಮತ್ತೊಂದು ದಿನ ಹಲ್ಲೆಣಿಕೆ. ಸಾಧ್ಯವಾದಷ್ಟೂ ಅದೇ ವೈದ್ಯ, ಅದೇ ಕೋಣೆ, ಅಲ್ಪ ಸಮಯ. ಇಷ್ಟಾದರೂ ಆಗದವರಿಗೆ ತಜ್ಞರ ಸಮ್ಮುಖದಲ್ಲಿ ಅರಿವಳಿಕೆಯುಂಟು, ಅದು ಸೋಲಲ್ಲ. ಆದರೆ ಇವು ಪುಸ್ತಕದಿಂದ ಕೈಗೆ ಬರುವಂಥವಲ್ಲ. ವಿದ್ಯಾರ್ಥಿಯು ಕಾಲೇಜಿನಲ್ಲಿಯೇ, ಗುರುವಿನ ಎದುರಿನಲ್ಲಿ, ಇಂಥ ಮಕ್ಕಳೊಡನೆ ಪಳಗಬೇಕು.

“ಒಬ್ಬನಿಗೇ ಇಷ್ಟು ಹೊತ್ತು ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ?” ಎಂದು ನೀವು ಕೇಳಬಹುದು. ದಾಸೋಹದ ಪಂಕ್ತಿಯನ್ನು ನೆನೆಯಿರಿ. ಹಲ್ಲಿಲ್ಲದ ವೃದ್ಧನಿಗೆ ಅನ್ನವನ್ನು ಮೆತ್ತಗೆ ಕಲಸಿ ಬಡಿಸುತ್ತೇವೆಯೇ ಹೊರತು, ಪಂಕ್ತಿಯಿಂದ ಎಬ್ಬಿಸುವುದಿಲ್ಲ. ಎಲ್ಲರಿಗೂ ಒಂದೇ ಗಳಿಗೆ ಕೊಡುವುದು ಸಮತೆಯಲ್ಲ. ಎಲ್ಲರೂ ಉಂಡೇಳುವಂತೆ ನೋಡಿಕೊಳ್ಳುವುದು ಸಮತೆ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸ್ವಲೀನತೆಯುಳ್ಳವರನ್ನೂ ಒಳಗೊಂಡಿದೆ. ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿ 1986ರಿಂದ ದಂತವೈದ್ಯ ಕಾಲೇಜು ನಡೆದುಬಂದಿದೆ. ಕಾನೂನಿದೆ, ವಿದ್ಯೆಯಿದೆ, ಬೇಕಾದುದು ಕಾಯಕದ ನಿಷ್ಠೆ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ದಂತವೈದ್ಯರಾದವರು ನಿಮ್ಮಲ್ಲಿದ್ದೀರಿ. ತಿಂಗಳಲ್ಲಿ ಒಂದು ದಿನವಾದರೂ ಜನಸಂದಣಿಯಿಲ್ಲದ ಹೊತ್ತನ್ನು ಇಂಥ ಮಕ್ಕಳಿಗೆ ಮೀಸಲಿಡಿರಿ. ಆ ತಾಯಿ ತಲೆಯೆತ್ತಿ ಹೊರಟಳೆಂದರೆ ನಿಮ್ಮ ಕಾಯಕವೇ ಪೂಜೆಯಾಯಿತೆಂದು ತಿಳಿಯಿರಿ.